ಸ್ಟೋನ್ ಟೌನ್‌ನ ಸಲ್ಮೆ ರಾಜಕುಮಾರಿ ಟೂರ್: ಐದಕ್ಕೆ ಮೂರೂವರೆ, ಮ್ತೋನಿ ಅರಮನೆಗೆ ಮಾತ್ರ ಐದಕ್ಕೈದು

ಜಾಂಜಿಬಾರ್‌ಗೆ (ಟಾಂಜಾನಿಯಾದ ದ್ವೀಪ) ಹೋಗೋರೆಲ್ಲ ಬೀಚ್ ನೋಡೋಕೆ ಹೋಗ್ತಾರೆ, ನಾವೂ ಅದಕ್ಕೇ ಹೋಗಿದ್ದು, ಸುಳ್ಳು ಯಾಕೆ ಹೇಳಲಿ. ಆದ್ರೆ ನಮ್ಮಕ್ಕ ಇದ್ದಾಳಲ್ಲ, ಅವಳಿಗೆ ಎರಡನೇ ದಿನಕ್ಕೇ ನೀರು ಮರಳು ಸಾಕಾಯ್ತು, ಹೋಟೆಲ್ ರಿಸೆಪ್ಷನ್‌ನಲ್ಲಿ ಬಿದ್ದಿದ್ದ ಒಂದು ಕರಪತ್ರ ತಗೊಂಡು ಬಂದು "ಇದು ನೋಡೋ, ಇಲ್ಲಿ ಒಬ್ಳು ರಾಜಕುಮಾರಿ ಇದ್ಲಂತೆ, ಹಡಗು ಹತ್ತಿ ಓಡಿಹೋದ್ಲಂತೆ, ಅವಳು ಇದ್ದ ಜಾಗ ಎಲ್ಲಾ ತೋರಿಸ್ತಾರಂತೆ" ಅಂತ ಶುರು ಮಾಡಿದ್ಲು. ಒಂದು ದಿನದ ಟೂರ್, ಇಬ್ಬರಿಗೂ ಸೇರಿ ಕಾರು ಗೈಡು ಎಲ್ಲಾ 70 ಡಾಲರ್. ಕಂಪನಿ ಹೆಸರು ಬೇಡ ಬಿಡಿ, ಆ ಊರಲ್ಲಿ ಇದೇ ಥರದ ಟೂರ್ ತುಂಬ ಜನ ಮಾಡ್ತಾರೆ, ನಾನು ಹೇಳೋದು ಹೆಚ್ಚುಕಮ್ಮಿ ಎಲ್ಲದಕ್ಕೂ ಹೊಂದುತ್ತೆ ಅನ್ಸುತ್ತೆ.

ಶುರುವಿನಲ್ಲೇ ಎಡವಟ್ಟು. ಗೈಡ್ ರಾತ್ರಿ ಮೆಸೇಜ್ ಹಾಕಿದ್ದ, "ಸಾ ತಾತು" ಗಂಟೆಗೆ ರೆಡಿ ಇರಿ ಅಂತ. ನಾನು ಫೋನಲ್ಲಿ ಹಾಕಿ ನೋಡಿದ್ರೆ ಮೂರು ಗಂಟೆ ಅಂತ ತೋರಿಸ್ತು. ಸರಿ, ಮಧ್ಯಾಹ್ನ ಮೂರಕ್ಕಲ್ವಾ ಅಂತ ಆರಾಮಾಗಿ ಮಲಗಿದ್ವಿ, ಬೆಳಗ್ಗೆ ಒಂಬತ್ತೂಕಾಲಿಗೆ ಕೆಳಗಡೆಯಿಂದ ಫೋನು, ಎಲ್ಲಿದೀರ ಅಂತ. ಆಮೇಲೆ ಗೊತ್ತಾಯ್ತು, ಸ್ವಾಹಿಲಿಯಲ್ಲಿ ಗಂಟೆ ಎಣಿಸೋದು ಸೂರ್ಯ ಹುಟ್ಟಿದಾಗಿಂದ, ಬೆಳಗ್ಗೆ ಏಳು ಅಂದ್ರೆ ಅವರಿಗೆ ಒಂದು ಗಂಟೆ, ಒಂಬತ್ತು ಅಂದ್ರೆ ಮೂರು. ಲೆಕ್ಕ ಸರಿಯಾಗೇ ಇದೆ ಕಣ್ರಿ, ಆದ್ರೆ ಹೊರಗಿನವರಿಗೆ ಮೆಸೇಜ್ ಹಾಕೋವಾಗ ಒಂದು ಮಾತು ಹೇಳಬಾರ್ದಾ? ಮುಖ ತೊಳ್ಕೊಂಡು ಓಡಿದ್ವಿ, ತಿಂಡಿ ಇಲ್ಲ.

ಇನ್ನೊಂದು ತಮಾಷೆ, ಆ ಹುಡುಗ ಸಿಕ್ಕಿದ ತಕ್ಷಣ ನನ್ನನ್ನ "ಕಾಕಾ, ಕಾಕಾ" ಅಂತ ಕರೆಯೋಕೆ ಶುರು ಮಾಡ್ದ. ನನಗೆ ನಲವತ್ತೂ ಆಗಿಲ್ಲ ಮಾರಾಯ್ರೆ, ಇಷ್ಟು ಬೇಗ ಚಿಕ್ಕಪ್ಪ ಆಗೋದ್ನಾ ಅಂತ ಒಳಗೊಳಗೇ ಬೇಜಾರಾಯ್ತು. ನಮ್ಮಕ್ಕನಿಗೆ "ದಾದಾ" ಅಂತಾನೆ, ಅವಳು ನಗು ತಡೆಯೋಕಾಗದೆ ದುಪಟ್ಟಾ ಬಾಯಿಗೆ ಇಟ್ಕೊಂಡ್ಲು. ಸ್ವಾಹಿಲಿಯಲ್ಲಿ ಕಾಕಾ ಅಂದ್ರೆ ಅಣ್ಣ, ದಾದಾ ಅಂದ್ರೆ ಅಕ್ಕ ಅಂತೆ. ಇಡೀ ದಿನ ಅವಳು ದಾದಾಗಿರಿ ಮಾಡಿದ್ದು ಮಾತ್ರ ಎರಡೂ ಅರ್ಥದಲ್ಲಿ.

ಊರೊಳಗಿನ ನಡಿಗೆ ಸುಮಾರು ಎರಡು ಗಂಟೆ. ಸ್ಟೋನ್ ಟೌನ್ ಅಂದ್ರೆ ಹವಳದ ಕಲ್ಲು, ಸುಣ್ಣದಲ್ಲಿ ಕಟ್ಟಿರೋ ಹಳೇ ಊರು, ಅಲ್ಲಿಯವರು ಮ್ಜಿ ಮ್ಕೊಂಗ್ವೆ ಅಂತಾರೆ, 2000ದಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಗಲ್ಲಿಗಳು ಎಷ್ಟು ಕಿರಿದು ಅಂದ್ರೆ ಎದುರಿಂದ ಸ್ಕೂಟರ್ ಬಂದ್ರೆ ಯಾರದ್ದಾದ್ರೂ ಹೊಸ್ತಿಲ ಮೇಲೆ ಹತ್ಕೋಬೇಕು. ದಾರಿಯಲ್ಲಿ ಬಂದು ಅಂಟ್ಕೊಳ್ಳೋ ದಲ್ಲಾಳಿ ಹುಡುಗರಿಗೆ ಅಲ್ಲಿ "ಪಪಾಸಿ" ಅಂತಾರೆ, ಅಂದ್ರೆ ದನಕ್ಕೆ ಹತ್ತೋ ಉಣ್ಣೆ! ಸರಿಯಾದ ಹೆಸರೇ ಇಟ್ಟಿದ್ದಾರೆ. ಗೈಡ್ ಜೊತೆಗಿದ್ರೆ ಅವರ ಕಾಟ ಇಲ್ಲ, ಆ ಒಂದು ವಿಷಯಕ್ಕೇ ಅರ್ಧ ದುಡ್ಡು ವಸೂಲಿ.

ಸಮುದ್ರದ ಕಡೆ ಮುಖ ಮಾಡ್ಕೊಂಡಿರೋ ದೊಡ್ಡ ಬಿಳಿ ಕಟ್ಟಡ ಬೈತ್ ಅಲ್ ಅಜಾಯಿಬ್, ಅದ್ಭುತಗಳ ಮನೆ ಅಂತ. ಅದರ ಮುಂದೆ ನಿಲ್ಲಿಸಿ ನಮ್ಮ ಹುಡುಗ "ಸಲ್ಮೆ ಇಲ್ಲೇ ಆಡಿ ಬೆಳೆದಿದ್ದು" ಅಂದ. ಇಲ್ಲೇ ನನಗೆ ಮೊದಲ ಸಲ ಕಿರಿಕಿರಿ ಆಗಿದ್ದು. ಯಾಕಂದ್ರೆ ಹಿಂದಿನ ರಾತ್ರಿ ನಾನು ಒಂಚೂರು ಓದ್ಕೊಂಡಿದ್ದೆ. ಆ ಕಟ್ಟಡ ಕಟ್ಟಿಸಿದ್ದು 1883ರಲ್ಲಿ, ಅವಳ ಅಣ್ಣ ಬರ್ಗಾಶ್ ಸುಲ್ತಾನ ಆಗಿದ್ದಾಗ. ಸಲ್ಮೆ ದ್ವೀಪ ಬಿಟ್ಟಿದ್ದು 1866ರಲ್ಲಿ. ಹದಿನೇಳು ವರ್ಷದ ವ್ಯತ್ಯಾಸ ಸ್ವಾಮಿ. ಪಾಪ ಆ ಕಟ್ಟಡವೂ 2020ರ ಡಿಸೆಂಬರ್‌ನಲ್ಲಿ ಒಂದು ಭಾಗ ಕುಸಿದುಬಿತ್ತು, ಒಳಗೆ ಹೋಗೋ ಆಸೆ ಇಟ್ಕೋಬೇಡಿ.

ಈಗ ಅವಳ ಕಥೆಗೆ ಬರ್ತೀನಿ, ಯಾಕಂದ್ರೆ ಟೂರ್‌ನ ತಕರಾರು ಇರೋದೇ ಅಲ್ಲಿ. ಗೈಡ್ ಹೇಳೋ ಕಥೆ ಹೀಗಿದೆ: ಪಕ್ಕದ ಮನೆಯಲ್ಲಿ ಜರ್ಮನಿಯ ಒಬ್ಬ ವ್ಯಾಪಾರಿ, ರುಡಾಲ್ಫ್ ಹೈನ್ರಿಖ್ ರೂಟೆ. ಅವನ ಮನೆ ತಾರಸಿ ಇವಳ ಮನೆದಕ್ಕಿಂತ ಒಂಚೂರು ತಗ್ಗು. ತಾರಸಿಯಿಂದ ತಾರಸಿಗೆ ನೋಟ, ನೋಟದಿಂದ ಪ್ರೀತಿ, ಅವಳು ಗರ್ಭಿಣಿ ಆದ್ಲು, ಗೊತ್ತಾದ್ರೆ ಜೀವಕ್ಕೇ ಅಪಾಯ, ಬ್ರಿಟಿಷ್ ಕಾನ್ಸುಲ್ ಕಚೇರಿಯ ಡಾಕ್ಟರ್ ಹೆಂಡತಿ ಸಹಾಯ ಮಾಡಿದ್ಲು, 1866ರ ಆಗಸ್ಟ್‌ನಲ್ಲಿ ಸ್ವಾಹಿಲಿ ಹೊಸ ವರ್ಷದ ರಾತ್ರಿ ಹೆಂಗಸರೆಲ್ಲ ಸಮುದ್ರಸ್ನಾನಕ್ಕೆ ಹೋಗೋ ನೆಪದಲ್ಲಿ ದಡಕ್ಕೆ ಹೋಗಿ ದೋಣಿ ಹತ್ತಿ, ಹೈಫ್ಲೈಯರ್ ಅನ್ನೋ ಬ್ರಿಟಿಷ್ ಯುದ್ಧನೌಕೆ ಸೇರಿ ಅರೇಬಿಯಾದ ಬಂದರು ಏಡನ್‌ಗೆ ಪರಾರಿ. ಅಷ್ಟೇ. ಆಮೇಲೆ ಮದುವೆ ಆಯ್ತು, ಎಮಿಲಿ ಅಂತ ಹೆಸರಾಯ್ತು, ಶುಭಂ.

ಇದೆಲ್ಲ ನಿಜಾನೇ, ಒಪ್ಕೋತೀನಿ. ಆದ್ರೆ ಇಪ್ಪತ್ತೆರಡು ವರ್ಷದ ಹುಡುಗಿ ಓಡಿಹೋಗೋಕೆ ಮುಂಚೆ ಇಪ್ಪತ್ತೆರಡು ವರ್ಷ ಏನ್ ಮಾಡ್ತಿದ್ಲು? ನನಗೆ ಅವಳ ಬದುಕಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ಸಿದ್ದು ಆ ತಾರಸಿ ಅಲ್ಲ, ಒಂದು ಮೂಳೆ. ಹೌದು, ಮೂಳೆ. ಆ ಕಾಲದಲ್ಲಿ ಅರಮನೆ ಹೆಣ್ಣುಮಕ್ಕಳಿಗೆ ಕುರಾನ್ ಓದೋದು ಕಲಿಸ್ತಿದ್ರು, ಬರೆಯೋದು ಕಲಿಸ್ತಿರಲಿಲ್ಲ. ಹುಡುಗಿ ಬರೆಯೋದು ಕಲಿತ್ರೆ ಕೆಟ್ಟುಹೋಗ್ತಾಳೆ ಅನ್ನೋ ಹಳೇ ರಾಗ. ಇವಳು ಗುಟ್ಟಾಗಿ ಕುರಾನ್ ಮುಂದಿಟ್ಕೊಂಡು, ಒಂಟೆಯ ಹೆಗಲ ಮೂಳೆ ಮೇಲೆ ಆ ಅಕ್ಷರಗಳನ್ನ ನೋಡಿ ನೋಡಿ ತಿದ್ದಿದ್ಲಂತೆ, ಸ್ಲೇಟ್ ಥರ. ಮುಂದೆ ಅವಳೇ ತನ್ನ ಆತ್ಮಕಥೆಯಲ್ಲಿ ಬರ್ಕೊಂಡಿದ್ದಾಳೆ ಇದನ್ನ. ಗೈಡ್ ಬಾಯಲ್ಲಿ ಇದರ ಸುದ್ದಿನೇ ಇಲ್ಲ!

ಆ ಬರವಣಿಗೆನೇ ಅವಳನ್ನ ಸಿಕ್ಕಿಹಾಕಿಸಿದ್ದು ನೋಡಿ. ಅವರಪ್ಪ ಸುಲ್ತಾನ್ ಸಯ್ಯಿದ್ ಸಯೀದ್, ಒಮಾನ್, ಜಾಂಜಿಬಾರ್ ಎರಡಕ್ಕೂ ದೊರೆ, 1856ರಲ್ಲಿ ಹಡಗಿನ ಮೇಲೇ ತೀರ್ಕೊಂಡ. ಆಗ ಬದುಕಿದ್ದ ಮಕ್ಕಳೇ ಮೂವತ್ತಾರು ಅಂತ ಇವಳ ಲೆಕ್ಕ, ಹದಿನೆಂಟು ಗಂಡು ಹದಿನೆಂಟು ಹೆಣ್ಣು. ಇಷ್ಟು ಮಕ್ಕಳಿದ್ದ ಮೇಲೆ ಜಗಳ ಇರಲ್ವಾ. ಜಾಂಜಿಬಾರ್ ಇನ್ನೊಬ್ಬ ಅಣ್ಣ ಮಾಜಿದ್‌ಗೆ ಹೋಯ್ತು, ಬರ್ಗಾಶ್‌ಗೆ ಹೊಟ್ಟೆಯುರಿ, 1859ರಲ್ಲಿ ದಂಗೆಗೆ ಸಂಚು. ಅಕ್ಕ ಖೋಲೆ ಅಂದ್ರೆ ಸಲ್ಮೆಗೆ ಪ್ರಾಣ, ಆ ಅಕ್ಕ ಬರ್ಗಾಶ್ ಪಾರ್ಟಿ, ಹಾಗಾಗಿ ಇವಳೂ ಅದೇ ಪಾರ್ಟಿ. ಗುಟ್ಟಿನ ಕಾಗದ ಬರೆಯೋಕೆ ಮನೆಯೊಳಗೆ ನಂಬಿಕಸ್ಥರು ಬೇಕಲ್ಲ, ಬರೆಯೋಕೆ ಬರೋ ಹೆಣ್ಣು ಇವಳೇ, ಹದಿನೈದು ವರ್ಷಕ್ಕೆ ದಂಗೆಯ ಸೆಕ್ರೆಟರಿ ಆಗ್ಬಿಟ್ಲು, ಮದ್ದುಗುಂಡಿಗೆ ಆರ್ಡರ್ ಕಾಗದ ಕೂಡ ಇವಳ ಕೈಬರಹ. ಬರ್ಗಾಶ್ ಮನೆಗೆ ಸೈನಿಕರು ಕಾವಲು ಹಾಕಿದಾಗ ಅಕ್ಕತಂಗಿಯರು ದಂಡುಕಟ್ಟಿಕೊಂಡು ಒಳಗೆ ನುಗ್ಗಿ, ಅವನಿಗೆ ಹೆಂಗಸರ ಮುಸುಕು ಹೊದೆಸಿ ಕಣ್ಣು ಮಾತ್ರ ಕಾಣೋ ಹಾಗೆ ಮಾಡಿ, ಕಾವಲುಗಾರರ ಮುಂದೆಯೇ ನಡೆಸ್ಕೊಂಡು ಬಂದ್ರು. ಇಂಥ ಸೀನ್ ಬಿಟ್ಟು ತಾರಸಿ ಪ್ರೇಮ ಹೇಳ್ತಾ ಕೂತ್ರೆ ನನಗೆ ಹೊಟ್ಟೆ ಉರಿಯಲ್ವಾ ಹೇಳಿ. ಕೊನೆಗೆ ಬ್ರಿಟಿಷರು ಮಾಜಿದ್ ಪರ ಬಂದ್ರು, ದಂಗೆ ಠುಸ್ ಆಯ್ತು, ಬರ್ಗಾಶ್‌ನ ಬಾಂಬೆಗೆ ಗಡಿಪಾರು ಮಾಡಿದ್ರು. ಸಲ್ಮೆ ಆಮೇಲೆ ಮಾಜಿದ್ ಜೊತೆ ರಾಜಿ ಆದ್ಲು, ಅದು ಖೋಲೆಗೆ ಹಿಡಿಸಲಿಲ್ಲ, ಅಕ್ಕ ದೂರ ಆದ್ಲು.

ಇದನ್ನ ನಾನು ನಡೀತಾ ನಡೀತಾ ಹೇಳ್ತಿದ್ರೆ ನಮ್ಮಕ್ಕ "ಹಾಗಾದ್ರೆ ಗೈಡ್ ದುಡ್ಡು ನಿಂಗೇ ಕೊಡ್ಬೇಕಿತ್ತು" ಅಂದ್ಲು. ಗೈಡ್‌ಗೆ ಕನ್ನಡ ಬರಲ್ಲ, ಪುಣ್ಯ.

ಮಧ್ಯದಲ್ಲಿ ಅವನಿಗೆ ಗೊತ್ತಿರೋ ಮಸಾಲೆ ಅಂಗಡಿಗೆ ಕರ್ಕೊಂಡು ಹೋಗಿ ಮುಕ್ಕಾಲು ಗಂಟೆ ಕೂರಿಸಿದ. ಇದು ಪ್ರೋಗ್ರಾಮ್‌ನಲ್ಲಿ ಇರಲಿಲ್ಲ. ಲವಂಗ ಚೆನ್ನಾಗೇನೋ ಇತ್ತು, ರೇಟ್ ಮಾತ್ರ ದರೋಡೆ. ಮೊದಲೇ ಬೇಡ ಅಂತ ಹೇಳ್ಬಿಡಿ.

ಮ್ತೋನಿ. ಇದಕ್ಕೋಸ್ಕರ ಆದ್ರೂ ಈ ಟೂರ್ ತಗೋಬೇಕು. ಊರಿಂದ ಉತ್ತರಕ್ಕೆ ಬುಬುಬು ರೋಡಲ್ಲಿ ಸ್ವಲ್ಪ ಹೊತ್ತಿನ ದಾರಿ, ಸಮುದ್ರದ ಅಂಚಿಗೇ. ಮ್ತೋ ಅಂದ್ರೆ ಹೊಳೆ, ಮ್ತೋನಿ ಅಂದ್ರೆ ಹೊಳೆ ಹತ್ರ. ಸಲ್ಮೆ 1844ರ ಆಗಸ್ಟ್ 30ರಂದು ಇದೇ ಬೈತ್ ಅಲ್ ಮ್ತೋನಿ ಅರಮನೆಯಲ್ಲಿ ಹುಟ್ಟಿದ್ದು. ಈಗ ಬರೀ ಪಾಳು. ಛಾವಣಿ ಇಲ್ಲ, ಕಮಾನುಗಳು ನಿಂತಿವೆ, ಗೋಡೆ ಬಿರುಕಲ್ಲಿ ಗಿಡ ಬೇರು ಬಿಟ್ಟಿದೆ. ಒಳಗೆ ಕಾಲಿಟ್ಟ ತಕ್ಷಣ ನೆಲದ ಮೇಲಿನ ಬಿಸಿಲು ಸದ್ದು ಎಲ್ಲಾ ಬದಲಾದ ಹಾಗೆ ಆಯ್ತು, ರೋಡಿನ ಹಾರ್ನ್ ಕೇಳಿಸ್ತಿದ್ರೂ ಬೇರೆ ಎಲ್ಲಿಂದಲೋ ಬಂದ ಹಾಗೆ. ಒಂದು ಗೋಡೆಗೆ ಕೈ ಇಟ್ಟೆ, ಸುಣ್ಣ ಪುಡಿಪುಡಿಯಾಗಿ ಅಂಗೈಗೆ ಹತ್ತಿತು, ಹಿಂದಿನ ಹವಳದ ಕಲ್ಲಲ್ಲಿ ಜೇನುಗೂಡಿನ ಥರ ತೂತು ತೂತು, ಒಂದು ತೂತಿನಿಂದ ಇರುವೆ ಸಾಲು ಹೊರಟು ಇನ್ನೊಂದರೊಳಗೆ ಹೋಗ್ತಿತ್ತು. ಸ್ನಾನದ ಮನೆಗಳ ಸಾಲು ಗೊತ್ತಾಗುತ್ತೆ.

ಅಂಗಳದ ನಡುವೆ ನಿಂತಾಗ ಮಾತ್ರ ನಮ್ಮ ಹುಡುಗ ಬೇರೆಯೇ ಮನುಷ್ಯ ಆಗ್ಬಿಟ್ಟ. ಧ್ವನಿ ಇಳಿಸಿ, ಕೈ ತೋರಿಸಿ ತೋರಿಸಿ ಹೇಳಿದ. ಈ ಅಂಗಳದಲ್ಲಿ ಜಿಂಕೆ, ನವಿಲು, ಫ್ಲೆಮಿಂಗೊ, ಬಾತು, ಆಸ್ಟ್ರಿಚ್ ಎಲ್ಲಾ ಬಿಟ್ಕೊಂಡು ಸಾಕಿದ್ರಂತೆ, ಮಕ್ಕಳು ಮೊಟ್ಟೆ ಹುಡುಕೋದಂತೆ. ಸಮುದ್ರದ ಕಡೆ ಬೆಂಜಿಲೆ ಅಂತ ಮರದ ದುಂಡನೆ ಮಂಟಪ ಇತ್ತು, ಸಲ್ಮೆಯ ಅಪ್ಪ ಅಲ್ಲಿ ತಲೆ ತಗ್ಗಿಸ್ಕೊಂಡು ಗಂಟೆಗಟ್ಟಲೆ ಅತ್ತಿಂದಿತ್ತ ಓಡಾಡ್ತಿದ್ದ, ಯುದ್ಧದಲ್ಲಿ ತೊಡೆಗೆ ಗುಂಡು ಬಿದ್ದು ಕಾಲು ಸ್ವಲ್ಪ ಎಳೀತಿತ್ತು. ಇಷ್ಟು ಹೇಳಿ ಅವನು ಆ ಜಾಗದಲ್ಲಿ ತಾನೇ ನಾಲ್ಕು ಹೆಜ್ಜೆ ಕುಂಟಿ ತೋರಿಸಿದ. ನಾಟಕ ಅಂತ ಗೊತ್ತಿದ್ರೂ ನನಗೆ ಗಂಟಲು ಕಟ್ಟಿತು. ಮಂಟಪ ಈಗಿಲ್ಲ, ಬರೀ ನೀರು, ದೂರದಲ್ಲಿ ಒಂದು ದೋಣಿ.

ಅಲ್ಲಿಂದ ಕಿದಿಚಿ ಹಮಾಮು, ಅಂದ್ರೆ ಸ್ನಾನದ ಮನೆ, ಗುಡ್ಡದ ಮೇಲೆ. 1850ರಲ್ಲಿ ಸುಲ್ತಾನ ತನ್ನ ಪರ್ಷಿಯಾದ ಹೆಂಡತಿಗೆ ಅಂತ ಕಟ್ಟಿಸಿದ್ದು, ಗಾರೆಯಲ್ಲಿ ಹೂವು ಹಕ್ಕಿ ಮಾಡಿದ್ದಾರೆ. ಹತ್ತು ನಿಮಿಷ ಸಾಕು. ಒಳಗೆ ಬಾವಲಿ ವಾಸನೆ.

ಕಿದಿಚಿ ಸುತ್ತ ಲವಂಗದ ಮರಗಳಿವೆ. ಅಲ್ಲಿ ಮರದ ಕೆಳಗೆ ಎಳನೀರು ಕುಡೀತಾ ಕೂತಾಗ ನಮ್ಮಕ್ಕ ಒಂದು ಪ್ರಶ್ನೆ ಕೇಳಿದ್ಲು. ಹನ್ನೆರಡು ವರ್ಷಕ್ಕೇ ಸಲ್ಮೆಗೆ ಅಪ್ಪನ ಆಸ್ತಿಯಲ್ಲಿ ತೋಟ ಬಂತು ಅಂದ್ಯಲ್ಲ, ಆ ತೋಟದಲ್ಲಿ ಕೆಲಸ ಮಾಡ್ತಿದ್ದೋರು ಯಾರು? ಹುಡುಗ ಎಳನೀರಿನ ಬುರುಡೆ ತಿರುಗಿಸ್ತಾ ಸುಮ್ನೆ ಕೂತ. ಆಮೇಲೆ "ದಾದಾ, ರಜಾ ಮೇಲೆ ಬರೋರು ಅದನ್ನ ಕೇಳೋಕೆ ಇಷ್ಟಪಡಲ್ಲ, ಅದಕ್ಕೆ ನಾನು ಹೇಳಲ್ಲ" ಅಂದ. ನೇರವಾಗಿ ಹೇಳಿದ, ಅದಕ್ಕೆ ಮೆಚ್ಚಿದೆ. ಆದ್ರೆ ಹೇಳ್ಬೇಕಿತ್ತು. ಲವಂಗದ ದುಡ್ಡು ಅಂದ್ರೆ ಗುಲಾಮರ ದುಡ್ಡು. ಆಫ್ರಿಕಾದ ಒಳನಾಡಿಂದ ಹಿಡಿದು ತಂದ ಜನರನ್ನ ಈ ಊರಲ್ಲೇ ಸಂತೆಯಲ್ಲಿ ಮಾರ್ತಿದ್ರು, 1873ರಲ್ಲಿ ಬ್ರಿಟಿಷರ ಒತ್ತಡಕ್ಕೆ ಬರ್ಗಾಶ್ ಆ ಸಂತೆ ಮುಚ್ಚಿದ, ಈಗ ಅಲ್ಲಿ ಆಂಗ್ಲಿಕನ್ ಚರ್ಚ್ ಇದೆ. ಇನ್ನೂ ವಿಚಿತ್ರ ಅಂದ್ರೆ ಸಲ್ಮೆಯ ತಾಯಿ ಜಿಲ್ಫಿದಾನ್ ತಾನೇ ಮಾರಾಟವಾಗಿ ಬಂದೋಳು, ಕಾಕಸಸ್ ಕಡೆಯ ಸರ್ಕೇಶಿಯಾದಿಂದ, ಸಣ್ಣ ಹುಡುಗಿ ಇದ್ದಾಗ ಹೊತ್ಕೊಂಡು ಬಂದು ಮಾರಿದ್ದು. ಅಂಥ ತಾಯಿಯ ಮಗಳು ಮುಂದೆ ಪುಸ್ತಕ ಬರೆದಾಗ ನಮ್ಮ ಕಡೆ ಗುಲಾಮರನ್ನ ಚೆನ್ನಾಗೇ ನೋಡ್ಕೋತಾರೆ ಅಂತ ಸಮರ್ಥನೆ ಮಾಡಿದ್ಲು. ಹ್ಯಾಂಬರ್ಗ್‌ನಲ್ಲಿ 2019ರಲ್ಲಿ ಒಂದು ಚೌಕಕ್ಕೆ ಅವಳ ಹೆಸರಿಟ್ಟು, ಈ ಬರಹದ ಬಗ್ಗೆ ಗಲಾಟೆ ಆದಮೇಲೆ ಆ ಹೆಸರು ವಾಪಸ್ ತಗೊಂಡ್ರು.

ಅಕ್ಕನ ಪ್ರಶ್ನೆ ಆದಮೇಲೆ ಹುಡುಗ ಪ್ಲಾನ್ ಬದಲಾಯಿಸಿ ನಮ್ಮನ್ನ ವಾಪಸ್ ಊರಿಗೆ ಕರ್ಕೊಂಡು ಬಂದು ಹುರುಂಜಿ ಬೀದಿಯಲ್ಲಿ ನಿಲ್ಲಿಸಿದ. ಬ್ರಿಟಿಷರು ಗುಲಾಮರ ಒಡೆಯರಿಗೆ ಪರಿಹಾರ ಕೊಟ್ಟು ಬಿಡುಗಡೆ ಮಾಡಿಸ್ತಿದ್ದ ಬೀದಿ ಇದು ಅಂತಾರೆ, ಹೆಸರಲ್ಲೂ ಉಹುರು, ಅಂದ್ರೆ ಸ್ವಾತಂತ್ರ್ಯ, ಅನ್ನೋ ಮಾತು ಅಡಗಿದೆಯಂತೆ. ಅದೇ ಬೀದಿಯಲ್ಲಿ ಒಂದು ಹೋಟೆಲ್ ಒಳಗೆ ಸಲ್ಮೆ ಹೆಸರಿನ ಪುಟ್ಟ ಮ್ಯೂಸಿಯಂ ಇದೆ, ಫೋಟೋ, ಕಾಗದಪತ್ರ, ಬಟ್ಟೆ. ಅವಳ ಪ್ರಸಿದ್ಧ ಫೋಟೋ ನೋಡಿರ್ತೀರ, ಅರಬ್ಬಿ ಒಡವೆ ವಸ್ತ್ರ ಹಾಕ್ಕೊಂಡು ಕೂತಿರೋದು. ಅದು ತೆಗೆದಿದ್ದು ಜರ್ಮನಿಯ ಸ್ಟುಡಿಯೋದಲ್ಲಿ. ಮುಖ ಗಟ್ಟಿಯಾಗಿದೆ, ನಗು ಇಲ್ಲ. ಅಕ್ಕ ಆ ಫೋಟೋ ಮುಂದಿಂದ ಬೇಗ ಕದಲಲಿಲ್ಲ.

ಟೂರ್‌ನಲ್ಲಿ ಹಡಗು ಹೊರಟಿದ್ದೇ ಕಥೆ ಮುಗೀತು ಅಂದ್ನಲ್ಲ, ಅಲ್ಲಿಂದ ಮುಂದಿನದ್ದು ನಾನೇ ಬರೀತೀನಿ, ಹೋಗೋರಿಗೆ ಗೊತ್ತಿರಲಿ. ಏಡನ್‌ನಲ್ಲಿ ಹುಟ್ಟಿದ ಮೊದಲ ಮಗು ಜರ್ಮನಿ ತಲುಪಲೇ ಇಲ್ಲ, ದಾರಿಯಲ್ಲೇ ಹೋಯ್ತು. 1867ರ ಮೇ 30ರಂದು ಒಂದೇ ದಿನ ಕ್ರೈಸ್ತ ದೀಕ್ಷಾಸ್ನಾನ, ಮದುವೆ ಎರಡೂ ಆಗಿ ಹ್ಯಾಂಬರ್ಗ್‌ಗೆ ಹೋದ್ಲು. ಮತ್ತೆ ಮೂರು ಮಕ್ಕಳು. 1870ರಲ್ಲಿ ಗಂಡ ಟ್ರಾಮ್ ಅಪಘಾತದಲ್ಲಿ ತೀರಿಹೋದ. ಭಾಷೆ ಅರ್ಧಂಬರ್ಧ, ಕೈಗೂಸು, ಆ ಚಳಿ! ಅರಬ್ಬಿ ಪಾಠ ಹೇಳ್ಕೊಟ್ಟು ಮನೆ ನಡೆಸಿದ್ಲು. ಅದೇ ವರ್ಷ ಮಾಜಿದ್ ಸತ್ತು ಬರ್ಗಾಶ್ ಸುಲ್ತಾನ ಆದ. ಯಾರಿಗೋಸ್ಕರ ಹದಿನೈದನೇ ವಯಸ್ಸಲ್ಲಿ ರಾತ್ರಿಯೆಲ್ಲ ಕಾಗದ ಬರೆದ್ಲೋ ಅವನೇ. 1875ರಲ್ಲಿ ಅವನು ಲಂಡನ್‌ಗೆ ಬಂದಾಗ ಇವಳು ಅಲ್ಲಿಗೇ ಹೋದ್ಲು, ಬ್ರಿಟಿಷರು ಭೇಟಿ ಮಾಡೋಕೆ ಬಿಡಲಿಲ್ಲ. 1885ರಲ್ಲಿ ಜರ್ಮನಿಯ ಚಾನ್ಸಲರ್ ಬಿಸ್ಮಾರ್ಕ್ ತನ್ನ ಯುದ್ಧನೌಕೆಗಳ ಜೊತೆ ಇವಳನ್ನೂ ಜಾಂಜಿಬಾರ್‌ಗೆ ಕಳಿಸಿದ, ಪ್ರೀತಿಯಿಂದೇನಲ್ಲ, ಸುಲ್ತಾನನನ್ನ ಬೆದರಿಸೋಕೆ ಒಂದು ದಾಳ ಬೇಕಿತ್ತು. ಬರ್ಗಾಶ್ ಮುಖ ಕೊಡಲಿಲ್ಲ. 1888ರಲ್ಲಿ ಇನ್ನೊಂದ್ಸಲ ಬಂದ್ಲು, ಆಗಲೂ ಆಸ್ತಿ ಸಿಗಲಿಲ್ಲ. 1886ರಲ್ಲಿ ಜರ್ಮನ್ ಭಾಷೆಯಲ್ಲಿ ಆತ್ಮಕಥೆ ಅಚ್ಚಾಗಿತ್ತು, ಮೂಳೆ ಮೇಲೆ ತಿದ್ದಿದ ಕೈ ಬರೆದ ಪುಸ್ತಕ. ಆಮೇಲೆ ಎಷ್ಟೋ ವರ್ಷ ಬೈರೂತ್, ಜಾಫಾ ಕಡೆ ಇದ್ಲು, ಸಾಯೋಕೆ ಸ್ವಲ್ಪ ಮುಂಚೆ ಆಗಿನ ಸುಲ್ತಾನ ಒಂದು ಸಣ್ಣ ಪಿಂಚಣಿ ಕೊಟ್ಟ. 1924ರ ಫೆಬ್ರವರಿ 29ರಂದು ಜರ್ಮನಿಯ ಯೇನಾದಲ್ಲಿ ತೀರ್ಕೊಂಡ್ಲು, ಹ್ಯಾಂಬರ್ಗ್‌ನಲ್ಲಿ ಗಂಡನ ಪಕ್ಕ ಮಣ್ಣು ಮಾಡಿದ್ರು. ಅವಳ ಹತ್ರ ಜಾಂಜಿಬಾರ್ ಕಡಲದಂಡೆಯ ಮರಳಿನ ಒಂದು ಚೀಲ ಇತ್ತಂತೆ, ಅದನ್ನೂ ಜೊತೆಗೇ ಇಟ್ರಂತೆ.

ಮಾರ್ಕ್ಸ್ ವಿಷಯ. ಮ್ತೋನಿಗೆ ಐದಕ್ಕೈದು. ಗೈಡ್ ಒಳ್ಳೇ ಹುಡುಗ, ಕೇಳಿದ್ರೆ ಹೇಳ್ತಾನೆ, ಕೇಳದಿದ್ರೆ ಪ್ರೇಮಕಥೆ. ಅದ್ಭುತಗಳ ಮನೆ ಬಗ್ಗೆ ಹೇಳಿದ ತಪ್ಪಿಗೆ ಅರ್ಧ ಕಟ್, ಮಸಾಲೆ ಅಂಗಡಿಗೆ ಅರ್ಧ ಕಟ್, ಲವಂಗದ ಹಿಂದಿನ ಜನರನ್ನ ನುಂಗಿಹಾಕಿದ್ದಕ್ಕೆ ಅರ್ಧ ಕಟ್. ಗಂಟೆ ಎಡವಟ್ಟಿಗೆ ಕಟ್ ಮಾಡಿಲ್ಲ, ಅದರಲ್ಲಿ ನಮ್ಮದೂ ತಪ್ಪಿದೆ.

ಹೋಗೋರು ಗೈಡ್ ಹತ್ರ ಟೂರಿಸಂ ಕಮಿಷನ್ ಗುರುತಿನ ಚೀಟಿ ಇದೆಯಾ ನೋಡ್ಕೊಳ್ಳಿ. ಶಿಲಿಂಗ್ ಚಿಲ್ಲರೆ ಕೈಯಲ್ಲಿರಲಿ, ಎಳನೀರು, ಟಿಪ್ಸ್‌ಗೆ ಡಾಲರ್ ಕೊಟ್ರೆ ವಾಪಸ್ ಚಿಲ್ಲರೆ ಸಿಗೋದು ಕಷ್ಟ. ದ್ವೀಪಕ್ಕೆ ಬರೋ ವಿದೇಶದವರಿಗೆ 2024ರ ಅಕ್ಟೋಬರ್‌ನಿಂದ ಅಲ್ಲಿಯ ಸರ್ಕಾರಿ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ, ದೊಡ್ಡೋರಿಗೆ ತಲಾ 44 ಡಾಲರ್, ಬಜೆಟ್‌ನಲ್ಲಿ ಸೇರಿಸ್ಕೊಳ್ಳಿ. ಹೆಣ್ಣುಮಕ್ಕಳು ಊರೊಳಗೆ ಭುಜ ಮಂಡಿ ಮುಚ್ಚೋ ಬಟ್ಟೆ ಹಾಕಿದ್ರೆ ಒಳ್ಳೇದು, ಮುಸ್ಲಿಂ ಊರು. ಪಾಳು ಗೋಡೆ ಹತ್ರ ಚಪ್ಪಲಿ ಬೇಡ, ಶೂ ಹಾಕ್ಕೊಳ್ಳಿ, ಹವಳದ ಕಲ್ಲು ಬ್ಲೇಡ್ ಥರ ಕುಯ್ಯುತ್ತೆ, ನನ್ನ ಹಿಮ್ಮಡಿ ಇನ್ನೂ ಮಾಗಿಲ್ಲ. ಮತ್ತೆ ಗೈಡ್ ಮೂರು ಗಂಟೆ ಅಂದ್ರೆ ಬೆಳಗ್ಗೆ ಒಂಬತ್ತರೊಳಗೇ ಎದ್ದು ರೆಡಿ ಆಗಿ, ತಿಂಡಿ ತಿಂದ್ಕೊಂಡು.